ನೂರರ ಮಾತ್ರೆ, ಹತ್ತರ ಮಾತ್ರೆ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ಮೂರು ಔಷಧಿಗಳಿವೆ, ಮೂರೂ ನೋವಿಗೆ ಕೊಡುವಂಥವು. ಮೊದಲನೆಯದು ದಿನಕ್ಕೆ 300 ಮಿಲಿಗ್ರಾಂ. ಎರಡನೆಯದು ದಿನಕ್ಕೆ 60 ಮಿಲಿಗ್ರಾಂ. ಮೂರನೆಯದು ಚರ್ಮಕ್ಕೆ ಅಂಟಿಸುವ ಪ್ಯಾಚ್, ಗಂಟೆಗೆ 25 ಮೈಕ್ರೋಗ್ರಾಂ ಒಳಗೆ ಬಿಡುತ್ತೆ. 24ರಿಂದ ಗುಣಿಸಿದರೆ ದಿನಕ್ಕೆ 600 ಮೈಕ್ರೋಗ್ರಾಂ, ಅಂದರೆ 0.6 ಮಿಲಿಗ್ರಾಂ. ಇವುಗಳಲ್ಲಿ ಯಾವುದು ಹೆಚ್ಚು ಸ್ಟ್ರಾಂಗ್ ಡೋಸ್?

ಮೂರೂ ಹೆಚ್ಚುಕಡಿಮೆ ಒಂದೇ. ಮೊದಲನೆಯದು ಟ್ರಮಡಾಲ್, ಎರಡನೆಯದು ಮಾರ್ಫಿನ್, ಮೂರನೆಯದು ಫೆಂಟನಿಲ್. ತೂಕದಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ 500 ಪಟ್ಟು ವ್ಯತ್ಯಾಸ, ಮಾಡುವ ಕೆಲಸ ಮಾತ್ರ ಒಂದೇ ಅಳತೆಯದ್ದು. ಯೂನಿಟ್ ಬರೆಯದೆ ಬರೀ ನಂಬರ್ ಬರೆದರೆ ನಮ್ಮ ಮೇಷ್ಟ್ರುಗಳು ಮಾರ್ಕ್ಸ್ ಕಟ್ ಮಾಡ್ತಾರಲ್ಲ, ಇಲ್ಲಿ ಯೂನಿಟ್ ಬರೆದರೂ ಸಾಲದು. ಯಾವ ಔಷಧಿಯ ಮಿಲಿಗ್ರಾಂ ಅಂತ ಗೊತ್ತಿಲ್ಲದಿದ್ದರೆ ಆ ನಂಬರಿಗೆ ಅರ್ಥವೇ ಇಲ್ಲ.

ಈ ಲೆಕ್ಕ ನನಗೆ ಯಾವ ಸಬ್ಜೆಕ್ಟಿನಲ್ಲೂ ಸಿಕ್ಕಿದ್ದಲ್ಲ. ನಾಲ್ಕನೇ ಸೆಮ್‌ನಿಂದ ಆರನೇ ಸೆಮ್‌ವರೆಗೆ ಈ ಮೂರೂ ಔಷಧಿಗಳು ಒಂದರ ಹಿಂದೆ ಒಂದು ನಮ್ಮ ದೊಡ್ಡಪ್ಪನ ಮನೆಗೆ ಬಂದವು. ತಿಪಟೂರಿನ ಹತ್ತಿರ ಅವರ ತೆಂಗಿನ ತೋಟ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕೋದು ನಲವತ್ತು ವರ್ಷದ ಅಭ್ಯಾಸ. ಕೆನ್ನೆಯ ಒಳಗೆ ಶುರುವಾದ ಕ್ಯಾನ್ಸರ್ ದವಡೆ ಮೂಳೆಗೆ ಇಳಿದಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು, ರೇಡಿಯೇಷನ್ ಆಯ್ತು, ಒಂದು ವರ್ಷಕ್ಕೆ ಮತ್ತೆ ಬಂತು. ಇನ್ನು ಕಾಯಿಲೆಗೆ ಮಾಡುವುದೇನೂ ಉಳಿದಿಲ್ಲ, ನೋವಿಗೆ ಮಾಡುವುದು ಬಹಳ ಇದೆ ಅಂತ ಡಾಕ್ಟರ್ ಹೇಳಿದರು. ನಾನು ಬೆಂಗಳೂರಲ್ಲಿ ಓದ್ತಿದ್ದರಿಂದ, ಆಸ್ಪತ್ರೆಯಿಂದ ಔಷಧಿ ಪಡೆದು ಟ್ರೈನಲ್ಲಿ ಊರಿಗೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಇದ್ದದ್ದು ಟ್ರಮಡಾಲ್ 100, ದಿನಕ್ಕೆ ಮೂರು ಸಲ. ನೋವು ತಡೆಯದಾದಾಗ ಅದನ್ನು ನಿಲ್ಲಿಸಿ ಮಾರ್ಫಿನ್ 10, ನಾಲ್ಕು ಗಂಟೆಗೊಂದು ಅಂತ ಬರೆದರು. ಆ ಸ್ಟ್ರಿಪ್ ಮನೆ ತಲುಪಿದ ದಿನ ಎರಡು ಮಾತು ಬಂದವು.

ದೊಡ್ಡಪ್ಪನ ಮಗ, ನಮ್ಮಣ್ಣ, ಸ್ಟ್ರಿಪ್ ತಿರುಗಿಸಿ ನೋಡಿ ಹೇಳಿದ: “ನೂರರದ್ದು ಬಿಡ್ಸಿ ಹತ್ತರದ್ದು ಬರ್ದವ್ರಲ್ಲೋ. ಅದ್ರಲ್ಲೇ ತಡೀಲಿಲ್ಲ, ಇದ್ರಲ್ಲಿ ಏನಾಗುತ್ತೆ? ಒಟ್ಟಿಗೆ ಮೂರು ಕೊಟ್ರಾಯ್ತು ಬಿಡು.”

ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದರು: “ಮಾರ್ಫಿನ್ ಅಂದ್ರೆ ಅಫೀಮಂತೆ. ಅದು ಕೊಟ್ರೆ ಕೊನೆ ಬಂತು ಅಂತ್ಲೇ ಲೆಕ್ಕ. ಬೇಡ ಮಗಾ, ಹಳೇದೇ ಇರ್ಲಿ.”

ಒಂದೇ ಸ್ಟ್ರಿಪ್. ಒಬ್ಬರಿಗೆ ಅದು ತೀರಾ ಕಡಿಮೆ, ಇನ್ನೊಬ್ಬರಿಗೆ ಸಾವು. ಅಣ್ಣ ನಂಬರ್ ಓದಿದ, ದೊಡ್ಡಮ್ಮ ಹೆಸರು ಓದಿದರು. ಈ ಜಗಳದಲ್ಲಿ ಮಾತ್ರೆ ಎರಡು ರಾತ್ರಿ ಗೂಡಿನಲ್ಲೇ ಕೂತಿತು. ದೊಡ್ಡಪ್ಪ ಆ ಎರಡೂ ರಾತ್ರಿ ಮಲಗದೆ ನಡುಮನೆ ಕಂಬ ಹಿಡ್ಕೊಂಡು ಕೂತಿದ್ದರು. ಮೂರನೇ ದಿನ ಬೆಳಿಗ್ಗೆ ಆಸ್ಪತ್ರೆಯ ನರ್ಸ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವರು ಹತ್ತು ನಿಮಿಷ ದೊಡ್ಡಮ್ಮನ ಜೊತೆ, ಐದು ನಿಮಿಷ ಅಣ್ಣನ ಜೊತೆ ಮಾತಾಡಿದರು. ಅವತ್ತು ಮಧ್ಯಾಹ್ನ ಮೊದಲ ಮಾತ್ರೆ ನುಂಗಿಸಿದ್ದಾಯ್ತು. ಆ ಹದಿನೈದು ನಿಮಿಷದಲ್ಲಿ ಕೇಳಿದ್ದು, ಆಮೇಲೆ ಓದಿ ತಿಳಿದುಕೊಂಡದ್ದು, ಎರಡನ್ನೂ ಇಲ್ಲಿ ಬರೀತಿದ್ದೀನಿ. ನಿಮ್ಮಲ್ಲಿ ಹಲವರ ಮನೆಯಲ್ಲೂ ಒಂದು ದಿನ ಇಂಥ ಸ್ಟ್ರಿಪ್ ಬರುತ್ತೆ, ಅದನ್ನು ತಿರುಗಿಸಿ ಓದಿ ಹೇಳು ಅಂತ ಓದಿದ ಹುಡುಗ ಹುಡುಗಿಯರ ಕೈಗೇ ಕೊಡ್ತಾರೆ.

ಮೊದಲು ಒಂದು ಗೆರೆ ಎಳೆದುಬಿಡೋಣ. ನಾವು ಪೇನ್‌ಕಿಲ್ಲರ್ ಅನ್ನೋ ಒಂದೇ ಪದದಲ್ಲಿ ಬೇರೆ ಬೇರೆ ಜಾತಿಗಳನ್ನು ಸೇರಿಸಿಬಿಡ್ತೀವಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಇವೆಲ್ಲ ಒಂದು ಗುಂಪು, ಪೆಟ್ಟಾದ ಜಾಗದ ಊತ ಉರಿ ಇಳಿಸುತ್ತವೆ. ಪ್ಯಾರಸಿಟಮಾಲ್ ತನ್ನದೇ ಬೇರೆ ದಾರಿಯದ್ದು. ಒಪಿಯಾಯ್ಡ್‌ಗಳು ಪೆಟ್ಟಾದ ಜಾಗದ ಊತಕ್ಕೆ ಏನೂ ಮಾಡಲ್ಲ. ಮಿದುಳು ಮತ್ತು ಬೆನ್ನುಹುರಿಯಲ್ಲಿರುವ ಮ್ಯೂ ಅನ್ನೋ ಗ್ರಾಹಕಗಳಿಗೆ ಅಂಟಿಕೊಂಡು, ನೋವಿನ ಸಿಗ್ನಲ್ ಮೇಲೆ ಹೋಗುವ ದಾರಿಯಲ್ಲೇ ಅದನ್ನು ತಗ್ಗಿಸುತ್ತವೆ. ಇದೇ ಗ್ರಾಹಕಗಳು ಉಸಿರಾಟ ನಡೆಸುವ ಮಿದುಳಿನ ಬುಡದಲ್ಲೂ ಇವೆ, ಕರುಳಲ್ಲೂ ಇವೆ. ಡೋಸ್ ಮಿತಿ ಮೀರಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಿದ್ದರೂ ಮಿದುಳು ಉಸಿರು ಎಳೆ ಅಂತ ಹೇಳೋದನ್ನು ಮರೆಯುತ್ತೆ. ಸಾವು ಬರೋದು ಹೀಗೆ. ಮಲಬದ್ಧತೆ ಬರೋದು ಕರುಳಿನಲ್ಲಿರುವ ಗ್ರಾಹಕಗಳಿಂದ.

ಈ ಕುಟುಂಬದ ಹಿರಿಯ ನಮ್ಮ ಅಡುಗೆಮನೆಗೆ ದೂರದವನಲ್ಲ. ಪಾಯಸಕ್ಕೆ ಹಾಕುವ ಗಸಗಸೆ ಯಾವ ಗಿಡದ್ದೋ, ಅದೇ ಗಿಡದ ಹಸಿ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಅಫೀಮು. ಅದರಿಂದ ಮಾರ್ಫಿನ್ ಬೇರ್ಪಡಿಸಿದ್ದು ಜರ್ಮನಿಯ ಸೆರ್ಟುರ್ನರ್, 1800ರ ನಂತರದ ಮೊದಲ ವರ್ಷಗಳಲ್ಲಿ. ಕೋಡೀನ್ ಸಿಕ್ಕಿದ್ದು 1832ರಲ್ಲಿ, ಫ್ರಾನ್ಸಿನ ರೋಬಿಕೆ ಕೈಗೆ. ಅಫೀಮಿನ ಇನ್ನೊಂದು ಅಂಶವನ್ನು ತಿದ್ದಿ ಆಕ್ಸಿಕೋಡೋನ್ ಮಾಡಿದ್ದು 1916ರಲ್ಲಿ. ಫೆಂಟನಿಲ್‌ಗೂ ಟ್ರಮಡಾಲ್‌ಗೂ ಗಿಡವೇ ಬೇಕಿಲ್ಲ, ಎರಡೂ 1960ರ ಆಸುಪಾಸಿನಲ್ಲಿ ಲ್ಯಾಬಲ್ಲಿ ಹುಟ್ಟಿದವು. ಫೆಂಟನಿಲ್ ಬೆಲ್ಜಿಯಂನ ಪಾಲ್ ಯಾನ್ಸನ್ ಅವರ ಲ್ಯಾಬಿನದು, ಟ್ರಮಡಾಲ್ ಜರ್ಮನಿಯದು. ಟಪೆಂಟಡಾಲ್ ಇವರೆಲ್ಲರಿಗಿಂತ ಕಿರಿಯ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2008ರಲ್ಲಿ.

ಇವನ್ನು ಹೋಲಿಸಲು ಡಾಕ್ಟರುಗಳು ಬಾಯಿಯಲ್ಲಿ ತಗೊಳ್ಳುವ ಮಾರ್ಫಿನ್ನನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. ಅಮೆರಿಕದ ಸಿಡಿಸಿ ಸಂಸ್ಥೆ 2022ರಲ್ಲಿ ಕೊಟ್ಟ ಗುಣಕಗಳು ಹೀಗಿವೆ: ಕೋಡೀನ್ 0.15, ಟ್ರಮಡಾಲ್ 0.2, ಟಪೆಂಟಡಾಲ್ 0.4, ಮಾರ್ಫಿನ್ 1, ಆಕ್ಸಿಕೋಡೋನ್ 1.5. ಫೆಂಟನಿಲ್ ಪ್ಯಾಚ್ ಆದರೆ ಗಂಟೆಗೆ ಎಷ್ಟು ಮೈಕ್ರೋಗ್ರಾಂ ಅನ್ನೋದನ್ನು 2.4ರಿಂದ ಗುಣಿಸಬೇಕು. ಈಗ ದಿನಕ್ಕೆ 60 ಮಿಲಿಗ್ರಾಂ ಮಾರ್ಫಿನ್‌ಗೆ ಸಮ ಯಾವುದು ಅಂತ ನೋಡಿದರೆ: ಕೋಡೀನ್ 400, ಟ್ರಮಡಾಲ್ 300, ಟಪೆಂಟಡಾಲ್ 150, ಆಕ್ಸಿಕೋಡೋನ್ 40, ಫೆಂಟನಿಲ್ ಪ್ಯಾಚ್ ಗಂಟೆಗೆ 25 ಮೈಕ್ರೋಗ್ರಾಂ. ಅಣ್ಣ ಹೇಳಿದಂತೆ ಒಂದೊಂದು ಸಲಕ್ಕೆ ಮೂರು ಮಾತ್ರೆ ಕೊಟ್ಟಿದ್ದರೆ ದಿನಕ್ಕೆ 60 ಇದ್ದದ್ದು 180 ಆಗ್ತಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಈ ಗುಣಕ ಹಿಡ್ಕೊಂಡು ಯಾರೂ ಮನೆಯಲ್ಲಿ ಔಷಧಿ ಬದಲಾಯಿಸಬಾರದು. ಅದನ್ನು ಕೊಟ್ಟ ಸಿಡಿಸಿಯೇ, ಇದು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಲೆಕ್ಕ ಅಲ್ಲ ಅಂತ ಎಚ್ಚರಿಸುತ್ತೆ. ಕಾರಣ ಇದೆ. ಒಂದು ಒಪಿಯಾಯ್ಡ್‌ಗೆ ಒಗ್ಗಿದ ದೇಹ ಇನ್ನೊಂದಕ್ಕೆ ಪೂರ್ತಿ ಒಗ್ಗಿರಲ್ಲ. ಅದಕ್ಕೇ ಬದಲಾಯಿಸುವಾಗ ಲೆಕ್ಕದಲ್ಲಿ ಬಂದದ್ದಕ್ಕಿಂತ ಸಾಕಷ್ಟು ಕಡಿಮೆಯಿಂದ ಶುರು ಮಾಡಿ ಮೆಲ್ಲಗೆ ಏರಿಸ್ತಾರೆ. ಗುಣಕವೂ ಕಲ್ಲಿನಲ್ಲಿ ಕೊರೆದದ್ದಲ್ಲ. ಇದೇ ಸಿಡಿಸಿಯ 2016ರ ಕಾಲದ ಪಟ್ಟಿಯಲ್ಲಿ ಟ್ರಮಡಾಲ್‌ಗೆ ಇದ್ದದ್ದು 0.1. ಆ ಲೆಕ್ಕದಲ್ಲಿ ದೊಡ್ಡಪ್ಪನ 300 ಮಿಲಿಗ್ರಾಂ ಬರೀ 30ಕ್ಕೆ ಸಮ. ಅದೇ ಔಷಧಿ, ಅದೇ ಮಾತ್ರೆ, ಪಟ್ಟಿ ಬದಲಾದರೆ ಎರಡು ಪಟ್ಟು!

ಟ್ರಮಡಾಲ್‌ನ ಅಳತೆ ಇಷ್ಟು ಜಾರುವುದಕ್ಕೆ ಒಂದು ದೊಡ್ಡ ಕಾರಣ ಲಿವರ್. ಮಾರ್ಫಿನ್ ನೇರವಾಗಿ ಕೆಲಸ ಮಾಡುತ್ತೆ. ಕೋಡೀನ್ ಹಾಗಲ್ಲ, ಲಿವರಿನಲ್ಲಿರುವ ಸಿವೈಪಿ2ಡಿ6 ಅನ್ನೋ ಕಿಣ್ವ ಅದರ ಒಂದು ಸಣ್ಣ ಪಾಲನ್ನು, ಸುಮಾರು 10 ಪರ್ಸೆಂಟಿನಷ್ಟನ್ನು, ಮಾರ್ಫಿನ್ ಮಾಡಿದ ಮೇಲೇ ನೋವು ಇಳಿಯೋದು. ಟ್ರಮಡಾಲ್‌ಗೂ ಇದೇ ಕಿಣ್ವ ಬೇಕು. ಈ ಕಿಣ್ವದ ಜೀನ್ ಎಲ್ಲರಲ್ಲೂ ಒಂದೇ ಥರ ಇರಲ್ಲ. ಕೆಲವರಲ್ಲಿ ಅದು ಕೆಲಸವೇ ಮಾಡಲ್ಲ, ಅವರಿಗೆ ಕೋಡೀನ್ ಕೊಟ್ಟರೂ ನೋವು ಹಾಗೇ ಇರುತ್ತೆ. ಇನ್ನು ಕೆಲವರಲ್ಲಿ ಆ ಜೀನಿನ ಹೆಚ್ಚುವರಿ ಪ್ರತಿಗಳಿರುತ್ತವೆ, ಅವರಲ್ಲಿ ಸಾಮಾನ್ಯ ಡೋಸೇ ಸರಸರ ಮಾರ್ಫಿನ್ ಆಗಿ ಅಪಾಯಕ್ಕೆ ಹೋಗುತ್ತೆ. ಟಾನ್ಸಿಲ್ ಆಪರೇಷನ್ ಆದ ಮಕ್ಕಳು ಕೋಡೀನ್‌ನಿಂದ ಸತ್ತ ಘಟನೆಗಳ ನಂತರ ಅಮೆರಿಕದ ಎಫ್‌ಡಿಎ 2013ರಲ್ಲಿ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿತು. 2017ರಲ್ಲಿ 12 ವರ್ಷದೊಳಗಿನ ಮಕ್ಕಳ ನೋವಿಗೆ ಕೋಡೀನ್, ಟ್ರಮಡಾಲ್ ಎರಡೂ ಕೂಡದು ಅಂದಿತು. ಪುಸ್ತಕಗಳಲ್ಲಿ ಈ ಎರಡಕ್ಕೂ ವೀಕ್ ಒಪಿಯಾಯ್ಡ್ ಅಂತ ಹೆಸರು. ವೀಕ್ ಅನ್ನೋದನ್ನು ಅಪಾಯ ಇಲ್ಲ ಅಂತ ಓದಬಾರದು.

ಟ್ರಮಡಾಲ್ ಬಗ್ಗೆ ಇನ್ನೊಂದು ವಿಷಯ. ಅದು ಬರೀ ಒಪಿಯಾಯ್ಡ್ ಅಲ್ಲ. ಮಿದುಳಿನಲ್ಲಿ ಸೆರೊಟೋನಿನ್, ನಾರ್‌ಎಪಿನೆಫ್ರಿನ್ ಮಟ್ಟವನ್ನೂ ಏರಿಸುತ್ತೆ. ಹಾಗಾಗಿ ಡಿಪ್ರೆಷನ್ನಿಗೆ, ಆತಂಕಕ್ಕೆ ಮಾತ್ರೆ ತಗೊಳ್ಳುವವರು ಜೊತೆಗೆ ಟ್ರಮಡಾಲ್ ತಗೊಂಡರೆ ಸೆರೊಟೋನಿನ್ ವಿಪರೀತವಾಗಿ ಜ್ವರ, ನಡುಕ, ಗೊಂದಲ ಆಗಬಹುದು. ಫಿಟ್ಸ್ ಬರುವ ಸಾಧ್ಯತೆಯನ್ನೂ ಅದು ಹೆಚ್ಚಿಸುತ್ತೆ. ಟ್ರಮಡಾಲ್ ದಿನಕ್ಕೆ 400 ಮಿಲಿಗ್ರಾಂ ದಾಟಬಾರದು ಅನ್ನುವ ಮಿತಿ ಇರುವುದರಲ್ಲಿ ಇದರ ಪಾತ್ರ ದೊಡ್ಡದು. ಮಾರ್ಫಿನ್‌ಗೆ ಇಂಥ ಒಂದು ನಿಗದಿತ ಮಿತಿ ಇಲ್ಲ, ನೋವು ಮತ್ತು ಉಸಿರಾಟ ಎರಡನ್ನೂ ನೋಡಿಕೊಂಡು ಹಂತಹಂತವಾಗಿ ಏರಿಸಬಹುದು. ದೊಡ್ಡಪ್ಪನಿಗೆ ಟ್ರಮಡಾಲನ್ನೇ ಹೆಚ್ಚಿಸುತ್ತಾ ಹೋಗದೆ ಔಷಧಿಯನ್ನೇ ಬದಲಾಯಿಸಿದ್ದು ಇದಕ್ಕೇ.

ಇನ್ನು ಟೈಮಿನ ವಿಷಯ. ನಮ್ಮ ಆರ್‌ಸಿ ಸರ್ಕ್ಯೂಟ್ ನೆನಪಿಸಿಕೊಳ್ಳಿ. ಮಾಮೂಲಿ ಮಾರ್ಫಿನ್ ಮಾತ್ರೆ ಬೇಗ ಏರಿ ಬೇಗ ಇಳಿಯುವ ಜಾತಿ, ಅರ್ಧಾಯು ಎರಡು ಮೂರು ಗಂಟೆ. ನಾಲ್ಕು ಗಂಟೆಗೊಂದು ಅಂತ ಬರೆಯೋದು ಇದಕ್ಕೆ. ನೋವು ಬಂದಾಗ ಕೊಡೋಣ ಅಂತ ಕಾದರೆ ಪ್ರತಿ ಸಲವೂ ನೋವು ತುದಿ ಮುಟ್ಟಿದ ಮೇಲೇ ಔಷಧಿ ಹತ್ತಲು ಶುರುವಾಗುತ್ತೆ. ಮೆಥಡೋನ್ ಇದಕ್ಕೆ ಪೂರ್ತಿ ಉಲ್ಟಾ. ಅದರ ಅರ್ಧಾಯು ಕೆಲವರಲ್ಲಿ 8 ಗಂಟೆ, ಕೆಲವರಲ್ಲಿ 50 ಗಂಟೆಗೂ ಮೇಲೆ. ಮೊದಲ ದಿನ ಸಾಲಲಿಲ್ಲ ಅಂತ ಏರಿಸಿದರೆ, ಮೂರನೇ ನಾಲ್ಕನೇ ದಿನ ಹಿಂದಿನದೆಲ್ಲ ಒಟ್ಟು ಸೇರಿ ಉಸಿರು ನಿಲ್ಲಬಹುದು. ಅದಕ್ಕೇ ಮೆಥಡೋನ್ ಬರೆಯೋದು ಅದರ ಅನುಭವ ಇರುವ ಡಾಕ್ಟರುಗಳು ಮಾತ್ರ.

ಮಾಲಿಕ್ಯೂಲ್ ಒಂದೇ ಇದ್ದರೂ ಅದು ಹೊರಬರುವ ವೇಗ ಬದಲಾದರೆ ಕಥೆಯೇ ಬದಲಾಗುತ್ತೆ. ಆಕ್ಸಿಕಾಂಟಿನ್ ಅಂತ ನೀವು ಕೇಳಿರ್ತೀರಿ. ಅದರೊಳಗೆ ಇರೋದು 1916ರ ಅದೇ ಆಕ್ಸಿಕೋಡೋನ್. 12 ಗಂಟೆ ಕಾಲ ನಿಧಾನಕ್ಕೆ ಬಿಡುವ ಮಾತ್ರೆಯಾಗಿ 1996ರಲ್ಲಿ ಪರ್ಡ್ಯೂ ಕಂಪನಿ ಅಮೆರಿಕದಲ್ಲಿ ಮಾರಾಟಕ್ಕೆ ತಂದಿತು. ನಿಧಾನಕ್ಕೆ ಬಿಡೋದರಿಂದ ಚಟ ಹಿಡಿಯೋದು ಕಡಿಮೆ ಅಂತ ಡಾಕ್ಟರುಗಳಿಗೆ ಹೇಳಿತು. ಜನ ಅದನ್ನು ಪುಡಿ ಮಾಡಿದರು, 12 ಗಂಟೆಯ ಡೋಸ್ ಒಂದೇ ಸಲಕ್ಕೆ ಸಿಕ್ಕಿತು. 2007ರಲ್ಲಿ ಕಂಪನಿ ಕೋರ್ಟಿನಲ್ಲಿ, ಔಷಧಿಯ ಬಗ್ಗೆ ದಾರಿ ತಪ್ಪಿಸುವ ಮಾಹಿತಿ ಕೊಟ್ಟ ಅಪರಾಧ ಒಪ್ಪಿಕೊಂಡಿತು. ನಮ್ಮಲ್ಲಿ ಮಾರ್ಫಿನ್ ಕೂಡ ನಿಧಾನಕ್ಕೆ ಬಿಡುವ ಮಾತ್ರೆಯ ರೂಪದಲ್ಲಿ ಸಿಗುತ್ತೆ. ಸ್ಟ್ರಿಪ್ ಮೇಲೆ ಎಸ್‌ಆರ್ ಅಂತ ಇದ್ದರೆ ಅದನ್ನು ಪುಡಿ ಮಾಡಿ ಗಂಜಿಗೆ ಕಲಸಿ ಕೊಡೋ ಹಾಗಿಲ್ಲ. ನುಂಗಲಾಗದ ಹಿರಿಯರ ಮನೆಯಲ್ಲಿ ಎಲ್ಲರೂ ಮೊದಲು ಮಾಡಲು ಹೋಗೋದು ಅದೇ ಕೆಲಸ.

ಬುಪ್ರೆನಾರ್ಫಿನ್ ಅಂತ ಇನ್ನೊಂದಿದೆ. ಅದು ಮ್ಯೂ ಗ್ರಾಹಕಕ್ಕೆ ಬಲವಾಗಿ ಅಂಟಿಕೊಳ್ಳುತ್ತೆ, ಆದರೆ ಅದನ್ನು ಪೂರ್ತಿ ಆನ್ ಮಾಡಲ್ಲ. ಡೋಸ್ ಏರಿಸುತ್ತಾ ಹೋದರೂ ಉಸಿರಾಟದ ಮೇಲಿನ ಪರಿಣಾಮ ಒಂದು ಮಟ್ಟದಲ್ಲಿ ನಿಲ್ಲುತ್ತೆ, ಆಂಪ್ಲಿಫೈಯರ್ ಸ್ಯಾಚುರೇಟ್ ಆದ ಹಾಗೆ. ಒಪಿಯಾಯ್ಡ್ ಚಟ ಬಿಡಿಸುವ ಚಿಕಿತ್ಸೆಯಲ್ಲಿ ಇದನ್ನು ನಾಲಿಗೆ ಕೆಳಗೆ ಇಡುವ ಮಾತ್ರೆಯಾಗಿ ಕೊಡೋದು ಈ ಗುಣಕ್ಕಾಗಿ. ಅದರೆ ಜೊತೆಗೆ ನಿದ್ದೆ ಮಾತ್ರೆಯೋ ಮದ್ಯವೋ ಸೇರಿದರೆ ಈ ರಕ್ಷಣೆ ನೆಚ್ಚುವಂತಿಲ್ಲ. ಔಷಧಿ ದೇಹದಿಂದ ಹೊರಗೆ ಹೋಗುವ ದಾರಿಯಲ್ಲೂ ವ್ಯತ್ಯಾಸ ಇದೆ. ಮಾರ್ಫಿನ್‌ನಿಂದ ಹುಟ್ಟುವ ಕೆಲವು ಅಂಶಗಳು ಕಿಡ್ನಿ ಮೂಲಕವೇ ಹೋಗಬೇಕು. ಕಿಡ್ನಿ ಸೋತವರಲ್ಲಿ ಅವು ಒಳಗೇ ಕೂಡಿಕೊಳ್ಳುತ್ತವೆ, ಅಂಥವರಿಗೆ ಫೆಂಟನಿಲ್ ಅಥವಾ ಬುಪ್ರೆನಾರ್ಫಿನ್ ವಾಸಿ ಅಂತ ಡಾಕ್ಟರುಗಳು ಯೋಚಿಸ್ತಾರೆ.

ಈಗ ದೊಡ್ಡಮ್ಮನ ಭಯಕ್ಕೆ ಬರೋಣ. ಅದನ್ನು ಹಳ್ಳಿಯವರ ಮೂಢನಂಬಿಕೆ ಅಂತ ತಳ್ಳಿಹಾಕೋಕೆ ಆಗಲ್ಲ, ಯಾಕಂದರೆ ನಮ್ಮ ದೇಶದ ಕಾನೂನಿಗೂ ಬಹಳ ಕಾಲ ಅದೇ ಭಯ ಇತ್ತು. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಡಲು ಹಲವು ಲೈಸೆನ್ಸ್ ಬೇಕಾಯ್ತು, ಲೆಕ್ಕ ತಪ್ಪಿದರೆ ಕಠಿಣ ಶಿಕ್ಷೆ. ಬಹಳಷ್ಟು ಆಸ್ಪತ್ರೆಗಳು ಆ ಗೊಡವೆಯೇ ಬೇಡ ಅಂತ ಇಡೋದನ್ನೇ ಬಿಟ್ಟವು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ನಾಡಿನಲ್ಲಿ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಸಿಗುತ್ತಿರಲಿಲ್ಲ. ಪಕ್ಕದ ಕೇರಳದಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರು ಮಾಡಿದ ಪ್ಯಾಲಿಯೇಟಿವ್ ಕೇರ್ ಕೆಲಸ ದಾರಿ ತೋರಿಸಿತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ, ಮಾರ್ಫಿನ್, ಫೆಂಟನಿಲ್‌ನಂಥ ಕೆಲವನ್ನು ಅತ್ಯಗತ್ಯ ಮಾದಕ ಔಷಧಿ ಅಂತ ಗುರುತಿಸಿ ನಿಯಮ ಸರಳ ಮಾಡಿದರು. ಆದರೂ 2017ರ ಲ್ಯಾನ್ಸೆಟ್ ಆಯೋಗದ ವರದಿಯ ಪ್ರಕಾರ ಭಾರತದಲ್ಲಿ ಸಿಗುತ್ತಿದ್ದ ಒಪಿಯಾಯ್ಡ್ ನಿಜವಾದ ಅಗತ್ಯದ ಸುಮಾರು 4 ಪರ್ಸೆಂಟ್ ಅಷ್ಟೇ. ಇಂಥ ಔಷಧಿ ನಮಗೆ ತಿಪಟೂರಿನ ಮೆಡಿಕಲ್ ಶಾಪುಗಳಲ್ಲಿ ಸಿಗಲಿಲ್ಲ. ನನ್ನ ಟ್ರೈನ್ ಪ್ರಯಾಣಗಳ ಹಿಂದೆ ಇಷ್ಟು ಉದ್ದದ ಕಥೆ ಇತ್ತು.

ಇದೇ ಕಾಲದಲ್ಲಿ ಟ್ರಮಡಾಲ್ ಯಾವ ಗದ್ದಲವೂ ಇಲ್ಲದೆ ಅಂಗಡಿ ಅಂಗಡಿಯಲ್ಲಿ ಇತ್ತು. ಹೆಸರು ಕೇಳಿ ಯಾರೂ ಹೆದರುತ್ತಿರಲಿಲ್ಲ. ಅದನ್ನು ಎನ್‌ಡಿಪಿಎಸ್ ಪಟ್ಟಿಗೆ ಸೇರಿಸಿದ್ದು 2018ರ ಏಪ್ರಿಲ್‌ನಲ್ಲಿ, ಅಷ್ಟರೊಳಗೆ ಸಾಕಷ್ಟು ಜನಕ್ಕೆ ಚಟ ಹತ್ತಿತ್ತು. ಟಪೆಂಟಡಾಲ್ ಕಥೆಯೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದಿದೆ. ಅದನ್ನು ಕ್ಯಾರಿಸೊಪ್ರೊಡಾಲ್ ಜೊತೆ ಕೂಡಿಸಿದ ಮಾತ್ರೆಗಳು ಭಾರತದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಬೀದಿಯಲ್ಲಿ ಮಾರಾಟ ಆಗ್ತಿವೆ ಅಂತ ಸುದ್ದಿಯಾದ ಮೇಲೆ, 2025ರ ಫೆಬ್ರವರಿಯಲ್ಲಿ ಸರ್ಕಾರ ಅವುಗಳ ರಫ್ತಿನ ಅನುಮತಿ ವಾಪಸ್ ತಗೊಂಡಿತು. ಹೆಸರಿಗೆ ಹೆದರಿ ಬೇಕಾದವರಿಗೆ ಮಾರ್ಫಿನ್ ತಪ್ಪಿಸಿದೆವು, ಹೆಸರು ಸಾಧುವಾಗಿದೆ ಅಂತ ಬೇಡದವರ ಕೈಗೆ ಟ್ರಮಡಾಲ್ ಕೊಟ್ಟೆವು.

ಚಟ ಅನ್ನೋ ಪದವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಕೆಲವು ವಾರ ಒಪಿಯಾಯ್ಡ್ ತಗೊಂಡ ಯಾರ ದೇಹವಾದರೂ ಅದಕ್ಕೆ ಒಗ್ಗುತ್ತೆ, ದಿಢೀರ್ ನಿಲ್ಲಿಸಿದರೆ ಬೆವರು, ಭೇದಿ, ಮೈಕೈ ನೋವು ಬರುತ್ತೆ. ಅದು ಅವಲಂಬನೆ, ಮೆಲ್ಲಗೆ ಇಳಿಸುತ್ತಾ ಬಂದರೆ ನಿಭಾಯಿಸಬಹುದು. ಕೆಡುಕಾಗುತ್ತಿದೆ ಅಂತ ಗೊತ್ತಿದ್ದೂ ಔಷಧಿಯ ಹಿಂದೆ ಓಡೋದು ಚಟ. ದೊಡ್ಡಪ್ಪ ಗಡಿಯಾರ ನೋಡ್ತಾ ಮಾತ್ರೆ ಕೇಳ್ತಿದ್ದರು. ಅದು ನೋವಿನಿಂದ ಬಂದದ್ದು, ಡೋಸ್ ಸರಿಹೋದ ಮೇಲೆ ಆ ಕೇಳುವಿಕೆ ತಾನೇ ನಿಂತಿತು. ಮಲಬದ್ಧತೆ ಮಾತ್ರ ನಿಲ್ಲಲಿಲ್ಲ. ಬೇರೆಲ್ಲದಕ್ಕೂ ದೇಹ ಒಗ್ಗಿದರೂ ಕರುಳು ಒಗ್ಗಲ್ಲ, ಅದಕ್ಕೇ ಮೊದಲ ದಿನದಿಂದಲೇ ಭೇದಿ ಔಷಧಿ ಜೊತೆಗೆ ಬರೆದಿದ್ದರು.

ಐದು ತಿಂಗಳಾದ ಮೇಲೆ ನುಂಗೋದು ಕಷ್ಟವಾಯ್ತು, ಆಗ ಬಂದದ್ದು ಫೆಂಟನಿಲ್ ಪ್ಯಾಚ್. ಒಂದು ಸಲ ಅಂಟಿಸಿದರೆ ಮೂರು ದಿನ. ಅದು ಹತ್ತಲು 12ರಿಂದ 24 ಗಂಟೆ ಬೇಕು, ಹಾಗಾಗಿ ಮೊದಲ ದಿನ ಮಾರ್ಫಿನ್ ಯಾವಾಗ ನಿಲ್ಲಿಸಬೇಕು ಅಂತ ಗಂಟೆ ಹಾಕಿ ಬರೆದುಕೊಟ್ಟಿದ್ದರು. ಕಿತ್ತು ಹಾಕಿದರೂ ಕೂಡಲೇ ಇಳಿಯಲ್ಲ, ರಕ್ತದಲ್ಲಿ ಅದು ಅರ್ಧವಾಗಲು ಹತ್ತಿರ ಹತ್ತಿರ ಒಂದು ದಿನ ಬೇಕು. ಒಪಿಯಾಯ್ಡ್ ಅಭ್ಯಾಸವೇ ಇಲ್ಲದವರಿಗೆ ಇದನ್ನು ಅಂಟಿಸಿದರೆ ಪ್ರಾಣಕ್ಕೇ ಕುತ್ತು. ದೊಡ್ಡಮ್ಮನಿಗೆ ನೋವಿದ್ದ ಕಡೆ ಬಿಸಿನೀರಿನ ಬ್ಯಾಗಲ್ಲಿ ಶಾಖ ಕೊಡುವ ರೂಢಿ. ಬಿಸಿ ತಾಗಿದರೆ ಪ್ಯಾಚಿನಿಂದ ಔಷಧಿ ಜಾಸ್ತಿ ಒಳಗೆ ಹೋಗುತ್ತೆ ಅಂತ ನರ್ಸ್ ಮೊದಲೇ ಹೇಳಿದ್ದರಿಂದ ಆ ಬ್ಯಾಗನ್ನು ಅಟ್ಟದ ಮೇಲೆ ಹಾಕಿದರು. ಬಳಸಿದ ಪ್ಯಾಚಿನಲ್ಲೂ ಸಾಕಷ್ಟು ಔಷಧಿ ಉಳಿದಿರುತ್ತೆ. ಅಂಟಿನ ಭಾಗ ಒಳಗೆ ಬರುವ ಹಾಗೆ ಮಡಚಿ ಡಬ್ಬಿಗೆ ಹಾಕಿ, ಅಣ್ಣನ ಮಗುವಿನ ಕೈಗೆ ಎಟುಕದ ಹಾಗೆ ಇಡ್ತಿದ್ದರು.

ಹಾಸ್ಟೆಲ್ ಬಗ್ಗೆ ಎರಡು ಮಾತು ಹೇಳಲೇಬೇಕು. ಲಿಗಮೆಂಟ್ ಆಪರೇಷನ್ ಆದವನ ಡ್ರಾಯರಿನಲ್ಲಿ ಅರ್ಧ ಸ್ಟ್ರಿಪ್ ಟ್ರಮಡಾಲ್ ಉಳಿದಿರುತ್ತೆ, ರೂಮ್‌ಮೇಟ್‌ಗೆ ಬೆನ್ನು ನೋವು, “ತಗೋ ಮಚ್ಚಾ, ಸಖತ್ತಾಗಿ ಕೆಲಸ ಮಾಡುತ್ತೆ” ಅಂತ ಕೊಡೋದು. ಆ ರೂಮ್‌ಮೇಟ್ ಯಾವ ಮಾತ್ರೆ ತಗೋತಿದ್ದಾನೆ, ಅವನ ಲಿವರ್ ಯಾವ ಜಾತಿಯದು, ಕೊಟ್ಟವನಿಗೆ ಗೊತ್ತಿರಲ್ಲ. ಎಷ್ಟೋ ಸಲ ಅದೇ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಕೂಡ ಸೇರಿರುತ್ತೆ, ಜ್ವರಕ್ಕೆ ಅಂತ ಮೇಲೆ ಮತ್ತೆ ಪ್ಯಾರಸಿಟಮಾಲ್ ನುಂಗಿದರೆ ಲಿವರಿಗೆ ಡಬಲ್ ಹೊಡೆತ. ಬಿಯರ್ ಜೊತೆ, ನಿದ್ದೆ ಮಾತ್ರೆ ಜೊತೆ ಯಾವ ಒಪಿಯಾಯ್ಡ್ ಕೂಡ ಸೇರಬಾರದು, ಎರಡೂ ಉಸಿರನ್ನೇ ಹಿಡಿಯುತ್ತವೆ. ಯಾರಾದರೂ ಎಬ್ಬಿಸಿದರೂ ಏಳದೆ, ಉಸಿರು ತೀರಾ ನಿಧಾನವಾಗಿ, ಗೊರಗೊರ ಸದ್ದು ಬರ್ತಾ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಮಲಗಿ ಎದ್ದರೆ ಸರಿಹೋಗ್ತಾನೆ ಅಂತ ಬಿಡಬೇಡಿ. 108ಕ್ಕೆ ಫೋನ್ ಮಾಡಿ, ಒಂದು ಪಕ್ಕಕ್ಕೆ ಮಲಗಿಸಿ, ಏನು ತಗೊಂಡಿದ್ದಾನೆ ಅಂತ ಮುಚ್ಚಿಡದೆ ಹೇಳಿ. ನಲೋಕ್ಸೋನ್ ಅನ್ನೋ ಪ್ರತಿಮದ್ದು ಇದೆ, ಅದು ಒಪಿಯಾಯ್ಡನ್ನು ಗ್ರಾಹಕದಿಂದ ತಳ್ಳಿ ಉಸಿರು ವಾಪಸ್ ತರುತ್ತೆ. ಆದರೆ ಅದನ್ನು ಕೊಡುವವರ ಹತ್ತಿರ ಟೈಮಿಗೆ ಸರಿಯಾಗಿ ತಲುಪಬೇಕು.

ಮನೆಗೆ ಇಂಥ ಔಷಧಿ ಬಂದಾಗ ಕೇಳಬೇಕಾದ್ದು ಕೆಲವೇ ಪ್ರಶ್ನೆ. ಇದು ಬೇಗ ಹತ್ತುವಂಥದ್ದೋ ನಿಧಾನಕ್ಕೆ ಬಿಡುವಂಥದ್ದೋ? ಹಳೆಯದನ್ನು ಯಾವ ಗಂಟೆಗೆ ನಿಲ್ಲಿಸಬೇಕು? ನಡುವೆ ನೋವು ಬಂದರೆ ಎಷ್ಟು, ಯಾವುದು ಕೊಡಬೇಕು? ಕಿಡ್ನಿ, ಲಿವರ್, ಈಗಿರುವ ಬೇರೆ ಮಾತ್ರೆಗಳ ಜೊತೆ ಇದು ಹೊಂದುತ್ತಾ? ಉಳಿದದ್ದನ್ನು ಎಲ್ಲಿಗೆ ವಾಪಸ್ ಕೊಡಬೇಕು? ನಮ್ಮಲ್ಲಿ ಡಾಕ್ಟರ್ ಮುಂದೆ ಪ್ರಶ್ನೆ ಕೇಳಲು ಹಿರಿಯರು ಹಿಂಜರಿತಾರೆ. ಜೊತೆಗೆ ಹೋಗುವ ನಾವು ಚೀಟಿಯಲ್ಲಿ ಬರ್ಕೊಂಡು ಹೋಗಿ ಕೇಳಬಹುದು.

ಮಾರ್ಫಿನ್ ಶುರುವಾದ ಮೇಲೆ ದೊಡ್ಡಪ್ಪ ಏಳು ತಿಂಗಳು ಬದುಕಿದ್ದರು. ಮೊದಲ ಎರಡು ದಿನ ಮಂಪರಿತ್ತು, ಆಮೇಲೆ ಅದೂ ಹೋಯ್ತು. ಸಾಯಂಕಾಲ ಜಗಲಿ ಮೇಲೆ ಕೂತು ತಿಪಟೂರು ಮಾರ್ಕೆಟ್ಟಿನ ಕೊಬ್ಬರಿ ರೇಟು ಕೇಳ್ತಿದ್ದರು, ಮಾತು ಅಸ್ಪಷ್ಟವಾದ ಮೇಲೆ ಸ್ಲೇಟಿನಲ್ಲಿ ಬರೆದು ಕೇಳ್ತಿದ್ದರು. ಮೊಮ್ಮಗನಿಗೆ ಮರ ಎಣಿಸಲು ಕಲಿಸಿದರು. ಆರನೇ ಸೆಮ್ ಇಂಟರ್ನಲ್ಸ್ ನಡುವೆ ಒಂದು ರಾತ್ರಿ ನಿದ್ದೆಯಲ್ಲೇ ಹೋದರು. ಕಾಯಿಲೆ ಅವರನ್ನು ಕರ್ಕೊಂಡು ಹೋಯ್ತು, ಮಾರ್ಫಿನ್ ಅಲ್ಲ. ಉಳಿದ ಪ್ಯಾಚು, ಮಾತ್ರೆ ಎಲ್ಲವನ್ನೂ ಎಣಿಸಿ ಆಸ್ಪತ್ರೆಗೆ ವಾಪಸ್ ಕೊಟ್ಟೆ, ರಿಜಿಸ್ಟರಿನಲ್ಲಿ ಸೈನ್ ಹಾಕಿಸಿಕೊಂಡರು.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಗೊತ್ತಾಯ್ತು, ಹಿಂದಿನ ಬೀದಿಯ ಒಬ್ಬ ಅಜ್ಜಿಗೂ ಮಾರ್ಫಿನ್ ಬರೆದಿದ್ದಾರೆ, ಮನೆಯವರು ಕೊಡಲು ಹೆದರ್ತಿದ್ದಾರೆ. ದೊಡ್ಡಮ್ಮ ಅವರ ಮನೆಗೆ ಹೋಗಿ ಬಂದಿದ್ದರಂತೆ. ಏನ್ ಹೇಳಿದ್ರಿ ದೊಡ್ಡಮ್ಮ ಅಂತ ಕೇಳಿದೆ. “ಇನ್ನೇನ್ ಹೇಳ್ಲಿ. ಹೆಸ್ರು ನೋಡಿ ಹೆದ್ರಬ್ಯಾಡಿ, ಗಂಟೆ ನೋಡಿ ಕೊಡಿ ಅಂದೆ. ಬರ್ದಿರೋದಕ್ಕಿಂತ ಒಂದೂ ಜಾಸ್ತಿ ಕೊಡ್ಬ್ಯಾಡಿ ಅಂತ್ಲೂ ಅಂದೆ.”